ಒಂದು ಬೆರಳು ಗಾಳಿ

ಮಾರಿಕಣಿವೆ ಕೋಡಿ ಬಿದ್ದ ವರ್ಷ
ಊರೆಲ್ಲ ನೀರು ನೋಡಿ, ಬಜ್ಜಿ ತಿಂದು, ಬಂದು ಮಲಗಿತು.
ಬುಡೇನ್ ಮಲಗಲಿಲ್ಲ.
ಬೆಳಗಾಗುತ್ತಲೇ, ಲಾರಿ ಬಾಡಿಗೆಂದು ತಂದ ಹೊನ್ನೆ ಮರಕ್ಕೆ
ಬೇರೆಯೇ ಗೆರೆ ಎಳೆದ.

ಹಿರಿಯೂರಿನ ಹೈವೇ ಪಕ್ಕ, ನಮ್ಮ ಶೆಡ್ಡಿನ ಮುಂದೆ
ನಾಲ್ಕು ಡಾಂಬರು ಡ್ರಮ್ಮಿನ ಮೇಲೆ
ಹದಿನೆಂಟು ಅಡಿ ದೋಣಿ ಈಗ ಕೂತಿದೆ.
ಹೊರಮೈ ಮೂರು ಸಲ ಗೇರೆಣ್ಣೆ ಕುಡಿದು ಕಪ್ಪಾಗಿದೆ.
ಒಳಗೆ ಪಕ್ಕೆಲುಬು ಎಣಿಸಬಹುದು.

"ಒಳಗಿಂದು ನಿನ್ನ ಕೆಲಸ" ಅಂದ.
ನ್ಯಾಯವೇ. ಇಪ್ಪತ್ತೇಳು ವರ್ಷ
ಲಾರಿ ಕ್ಯಾಬಿನ್ನಿಗೆ ರೆಕ್ಸಿನ್ ಹೊಲಿದ ಕೈ ನನ್ನದು.
ಸ್ಪಂಜು ತುಂಬಿ ಗುಂಡಿ ಜಗ್ಗಿದ ಕೆಂಪು ಡೈಮಂಡು,
ಸೇಲಂ ಗಾಡಿಗೆ ಜಾಲರಿ, ಪಂಜಾಬಿನವರಿಗೆ ಕನ್ನಡಿ ಚೂರು.
ಯಾವ ಕ್ಯಾಬಿನ್ನಿನಲ್ಲೂ ಒಂದು ರಾತ್ರಿ
ಮಲಗಿದವಳಲ್ಲ ನಾನು.

ರೆಕ್ಸಿನ್ನೇ ಹಾಕೋಣ, ಮಿಕ್ಕ ತುಂಡು ಗೋಣಿಗಟ್ಟಲೆ ಇದೆ ಅಂದೆ.
"ಅದು ಉಸಿರಾಡಲ್ಲ ಕಣೆ.
ರಾತ್ರಿ ನಮ್ಮಿಬ್ಬರ ಉಸಿರು ಗೋಡೆಗೆ ತಾಕಿ
ನೀರಾಗಿ ಇಳಿದು ಹಿಂದೆ ಕೂತು ಮರ ತಿನ್ನುತ್ತೆ."
ನೀನೆಲ್ಲಿ ದೋಣಿ ಕಂಡಿದ್ದೆ ಅನ್ನಲು ಹೋದವಳು
ಸುಮ್ಮನಾದೆ. ಮದುವೆಯಾದ ಹೊಸತು,
ತಗಡಿನ ಮನೆ, ಮಾಗಿಯ ಬೆಳಗು:
ನಮ್ಮದೇ ಉಸಿರು ನಮ್ಮ ಹಣೆ ಮೇಲೆ ತೊಟ್ಟಿಕ್ಕಿತ್ತಲ್ಲ.

ಹಾರ್ಡ್‌ವೇರ್ ಪಂಪಣ್ಣ ಸನ್‌ಮೈಕದ ಪುಸ್ತಕ ತೆರೆದ.
ತೇಗದ ಗೆರೆ, ಬೀಟೆಯ ಗೆರೆ, ಒರೆಸಿದರೆ ಫಳಫಳ.
ಮರಕ್ಕೆ ಮರದ ಫೋಟೊ ಅಂಟಿಸುವುದೇ?
ಅವನ ಚಹಾ ಕುಡಿದು ಎದ್ದು ಬಂದೆವು.

ಚಳ್ಳಕೆರೆಯ ಸಣ್ಣೀರಮ್ಮ ಕಂಬಳಿ ತಂದಳು,
ಹುಣಸೆಬೀಜದ ಗಂಜಿ ಕುಡಿದ ಕರಿ ಕಂಬಳಿ.
ಸದ್ದು ನುಂಗುತ್ತೆ, ಚಳಿ ತಡೆಯುತ್ತೆ, ನನಗೆ ಆಸೆಯಾಯಿತು.
ಗೋಡೆಗೆ ನೇತುಹಾಕಿ, ಪಕ್ಕದಲ್ಲಿ ಒದ್ದೆ ಗೋಣಿ ಇಟ್ಟು
ವಾರ ಬಾಗಿಲು ಮುಚ್ಚಿದೆ.
ಎಂಟನೇ ದಿನ ತೆಗೆದರೆ
ಒಳಗೆ ಒಂದು ಹಟ್ಟಿ ಕುರಿ.

ಮೇಲ್ಗಡೆಗೆ ಬಿಳಿ ಪೇಂಟು, ಅದರಲ್ಲಿ ತಕರಾರಿಲ್ಲ,
ತಲೆ ತಾಗುವ ಜಾಗ ಕಣ್ಣಿಗೆ ಕಾಣಬೇಕು.

ಕೊನೆಗೆ ನೆನಪಾದದ್ದು ಶೆಡ್ಡಿನ ಹಿಂದಿನ ಬೇವು.
ರಸ್ತೆ ಅಗಲ ಮಾಡುವಾಗ ಉರುಳಿಸಿದ್ದು,
ನಮ್ಮ ಸಾಮಿಲ್ಲಿಗೇ ನೆರಳು ಕೊಟ್ಟದ್ದು,
ಐದು ಬೇಸಿಗೆ ಒಣಗಿ ಗಂಟೆಯ ಹಾಗೆ ಸದ್ದು ಕೊಡುತ್ತಿತ್ತು.
ಅರ್ಧ ಇಂಚಿಗೆ ಕೊಯ್ದ. ಕಹಿ ವಾಸನೆಗೆ
ಮೂರು ದಿನ ಬಾಯಿ ರುಚಿ ಕೆಟ್ಟಿತು.
ಅಪ್ಪ ಹಿಂಜಿ ತುಂಬಿದ ಹಳೇ ಹಾಸಿಗೆ ಬಿಚ್ಚಿ
ಆ ಅರಳೆಯಲ್ಲೇ ಅಗಸೆ ಎಣ್ಣೆ ಅದ್ದಿ ಉಜ್ಜಿದೆ.
ಬಿಲ್ಲಿನ ಸದ್ದು ಕೇಳಿಸಲಿಲ್ಲ, ಸುಳ್ಳೇಕೆ.
ಹತ್ತಿ ಚೆನ್ನಾಗಿ ಎಣ್ಣೆ ಹೀರಿತು, ಅಷ್ಟೆ.

ಮೊಳೆ ಬೇಡ, ತಿರುಪು ಹಾಕು ಅಂದದ್ದು ನಾನು.
ನಾಳೆ ಎಲ್ಲೋ ಸೋರಿದರೆ ಬಿಚ್ಚಿ ನೋಡಬೇಕು,
ಬಿಚ್ಚಲು ಬಾರದ ಹೊಲಿಗೆ ಹೊಲಿಗೆಯಲ್ಲ.
ಹೊರಹಲಗೆಗೂ ಒಳಹಲಗೆಗೂ ನಡುವೆ
ಒಂದು ಬೆರಳು ಗಾಳಿ ಬಿಡಬೇಕು ಅಂದದ್ದು ಅವನು.
ಅವನ ಬೆರಳು ಗರಗಸಕ್ಕೆ ಅರ್ಧ ಹೋಗಿದೆ.
ನನ್ನದನ್ನೇ ಇಟ್ಟು ಅಳೆದೆವು, ಪ್ರತಿ ಪಕ್ಕೆಲುಬಿಗೂ.

ನೀರಿಗೆ ಇಳಿಸಲು ಪರವಾನಗಿ ಇನ್ನೂ ಬಂದಿಲ್ಲ.
ನಿನ್ನೆ ಏಣಿ ಹತ್ತಿ ಒಳಗೇ ಮಲಗಿದೆವು.
ಎರಡು ಗಂಟೆ ಹೊತ್ತಿಗೆ ಈರುಳ್ಳಿ ಲಾರಿಗಳು
ಒಂದರ ಹಿಂದೆ ಒಂದು.
ಯಾವುದೋ ಒಂದರಲ್ಲಿ, ನಾನು ಜಗ್ಗಿದ ಗುಂಡಿಗೆ
ಯಾರೋ ಕ್ಲೀನರ್ ಹುಡುಗ ಕೆನ್ನೆ ಒತ್ತಿ ಮಲಗಿರಬೇಕು.
ಡ್ರಮ್ಮು ನಡುಗಿತು, ಬೇವು ಸಣ್ಣಗೆ ನಡುಗಿತು,
ಅಂಗೈ ಇಟ್ಟೆ.

ನಿದ್ದೆಯಲ್ಲೇ ಕೇಳಿದ: "ಸೋರ್ತಾ ಇದೆಯಾ?"
ಇಲ್ಲ ಅಂದೆ.